ಬೆಲ್ಲದ ಕಾಫಿ ಮತ್ತು ಅತ್ತೆಯ ಮಾತ್ರೆ

ನಮ್ಮತ್ತೆಗೆ ಬೆಳಗಾಗುವುದೇ ಬೆಲ್ಲದ ಕಾಫಿಯಿಂದ. ಸೋಮವಾರಪೇಟೆ ಕಡೆಯ ನಮ್ಮ ಮನೆಯಲ್ಲಿ ಐದು ಗಂಟೆಗೇ ಒಲೆ ಉರಿಯುತ್ತದೆ. ತೋಟದ್ದೇ ಪುಡಿ, ಒಂದು ಚೂರು ಬೆಲ್ಲ, ಹಾಲಿಲ್ಲ. ಆ ಮೊದಲ ಲೋಟದ ಜೊತೆಗೇ ಅವರು ಥೈರಾಯ್ಡ್ ಮಾತ್ರೆ ನುಂಗುತ್ತಿದ್ದರು. ಖಾಲಿ ಹೊಟ್ಟೆಯಲ್ಲಿ ತಗೊಳ್ಳಿ ಅಂತ ಡಾಕ್ಟರು ಹೇಳಿದ್ದರು, ಅವರು ಹಾಗೇ ಮಾಡುತ್ತಿದ್ದರು. ಕಾಫಿಯನ್ನು ಹೊಟ್ಟೆಗೆ ಬಿದ್ದದ್ದು ಅಂತ ನಮ್ಮಲ್ಲಿ ಯಾರು ಲೆಕ್ಕ ಇಡ್ತಾರೆ?

ಎಂಟು ತಿಂಗಳಾದರೂ ಸುಸ್ತು ಹೋಗಲಿಲ್ಲ. ಮುಖ ಊದಿಕೊಂಡೇ ಇತ್ತು. ಬಾಚಿದರೆ ಹಿಡಿ ಕೂದಲು ಬರುತ್ತಿತ್ತು. ಥೈರಾಯ್ಡ್ ಹಾರ್ಮೋನು ಕಡಿಮೆಯಾದಾಗ ರಕ್ತದಲ್ಲಿ ಏರುವ ಟಿಎಸ್‌ಎಚ್ ಮೊದಲು 14 ಇತ್ತು. ಮಾತ್ರೆಯನ್ನು 50 ಮೈಕ್ರೋಗ್ರಾಂನಿಂದ 75ಕ್ಕೆ ಏರಿಸಿದ ಮೇಲೂ 9ರ ಕೆಳಗೆ ಇಳಿಯಲಿಲ್ಲ. ನಾಲ್ಕರ ಆಸುಪಾಸಿಗಾದರೂ ಬರಬೇಕಿತ್ತು. ಮೊದಲು ತೋರಿಸುತ್ತಿದ್ದ ಕಡೆ ರಿಪೋರ್ಟ್ ನೋಡಿ ಚೀಟಿ ಬರೆದು ಕಳಿಸುತ್ತಿದ್ದರು, ಅಷ್ಟೇ.

ಜನವರಿಯಲ್ಲಿ, ಕಾಫಿ ಕುಯ್ಲಿನ ನಡುವೆಯೇ ಒಂದು ದಿನ ಬಿಡುವು ಮಾಡಿಕೊಂಡು ಮಡಿಕೇರಿಗೆ ಹೋದೆವು. ಅಲ್ಲಿನ ಡಾಕ್ಟರಮ್ಮ ರಿಪೋರ್ಟ್ ಪಕ್ಕಕ್ಕಿಟ್ಟು, "ಅಮ್ಮಾ, ಮಾತ್ರೆ ಯಾವುದರ ಜೊತೆ ನುಂಗ್ತೀರಾ?" ಅಂದರು.

"ಕಾಫಿ ಜೊತೆ. ಇನ್ಯಾವುದ್ರ ಜೊತೆ?" ಅಂದರು ಅತ್ತೆ.

ನನಗೆ ಕಣ್ಣಲ್ಲಿ ನೀರೇ ಬಂತು. ಎಂಟು ತಿಂಗಳಿಂದ ದಿನಾ ಆ ಲೋಟ ಕೈಗೆ ಕೊಡುತ್ತಿದ್ದವಳು ನಾನೇ.

ಕಾಫಿ ಜೊತೆ ನುಂಗಿದರೆ ಈ ಮಾತ್ರೆ ಕರುಳಿನಲ್ಲಿ ಸರಿಯಾಗಿ ಹೀರಿಕೊಳ್ಳುವುದಿಲ್ಲವಂತೆ. ಬರೀ ನೀರಲ್ಲಿ ನುಂಗಬೇಕು. ಆಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆ ಏನೂ ಬೇಡ, ಕಾಫಿಯೂ ಬೇಡ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿದ್ದರೆ ನಾಲ್ಕು ಗಂಟೆ ಅಂತರ ಇರಲಿ ಅಂದರು. 100ಕ್ಕೆ ಏರಿಸುತ್ತಾರೆ ಅಂದುಕೊಂಡು ಹೋಗಿದ್ದೆವು. ಅವರು 75ನ್ನೇ ಉಳಿಸಿ, ಆರು ವಾರ ಬಿಟ್ಟು ಮತ್ತೆ ರಕ್ತ ಪರೀಕ್ಷೆ ಮಾಡಿಸಿ ಅಂದರು. ಮಾತ್ರೆಯಲ್ಲಿರುವ ಥೈರಾಯ್ಡ್ ಹಾರ್ಮೋನು ಮೈಯಲ್ಲಿ ನಿಧಾನವಾಗಿ ಏರುವುದರಿಂದ ಅದಕ್ಕೂ ಮೊದಲು ನೋಡಿದರೆ ಸರಿಯಾಗಿ ಗೊತ್ತಾಗುವುದಿಲ್ಲ.

ಬಂದದ್ದೇ ಬಂದೆವು ಅಂತ ಮಾವನ ಕೊಲೆಸ್ಟ್ರಾಲ್ ಮಾತ್ರೆ ಬಗ್ಗೆಯೂ ಕೇಳಿದೆ. ಅದು ಅಟೊರ್ವಾಸ್ಟಾಟಿನ್. ಹಿತ್ತಲಿನ ಚಕ್ಕೋತ ಮರ ನೆನಪಾಗಿ ಹೇಳಿದ್ದು ಒಳ್ಳೆಯದೇ ಆಯಿತು. ಕರುಳಿನಲ್ಲಿ ಆ ಮಾತ್ರೆಯನ್ನು ಒಡೆಯುವ ಕಿಣ್ವವನ್ನು ಚಕ್ಕೋತದ ರಸ ತಡೆಯಬಹುದು. ಆಗ ರಕ್ತದಲ್ಲಿ ಔಷಧ ಜಾಸ್ತಿಯಾಗುತ್ತದೆ. ದ್ರಾಕ್ಷಿ ಹಣ್ಣಲ್ಲ, ಗ್ರೇಪ್‌ಫ್ರೂಟ್ ಅಂತ ಒಂದಿದೆಯಲ್ಲ, ಅದೂ ಹೀಗೇ. ಮಾವ ಈಗ ಚಕ್ಕೋತ ಮುಟ್ಟುವುದಿಲ್ಲ.

ಅತ್ತೆಗೆ ಮೊದಲ ವಾರ ನಿಜಕ್ಕೂ ಕಷ್ಟವಾಯಿತು. ಆ ಚಳಿಯಲ್ಲಿ ಒಲೆ ಮುಂದೆ ಕಾಫಿ ಇಲ್ಲದೆ ಒಂದು ಗಂಟೆ ಕೂರಬೇಕು. ನಾನೂ ಕುಡಿಯದೆ ಅವರ ಜೊತೆ ಕೂತೆ. ಆಮೇಲೆ ಅವರೇ ದಾರಿ ಕಂಡುಕೊಂಡರು. ಎದ್ದ ಕೂಡಲೇ ಒಂದು ದೊಡ್ಡ ಲೋಟ ಉಗುರುಬೆಚ್ಚಗಿನ ನೀರಲ್ಲಿ ಮಾತ್ರೆ ನುಂಗಿ, ಬಚ್ಚಲ ಒಲೆಗೆ ಬೆಂಕಿ ಹಾಕುತ್ತಾರೆ. ಹಂಡೆ ನೀರು ಕಾದು, ಸ್ನಾನ ಮುಗಿಸಿ, ದೇವರಿಗೆ ದೀಪ ಹಚ್ಚುವಷ್ಟರಲ್ಲಿ ಒಂದು ಗಂಟೆ ಕಳೆದಿರುತ್ತದೆ. ಆ ಹೊತ್ತಿಗೆ ನಾನು ಕಾಫಿ ಸೋಸಿರುತ್ತೇನೆ.

ಆರು ವಾರದ ಮೇಲೆ ಟಿಎಸ್‌ಎಚ್ 3.9 ಬಂತು. ಮಾತ್ರೆ ಅದೇ 75.

ಕುಯ್ಲಿನ ಕೊನೆಯಲ್ಲಿ ಒಂದು ದಿನ ಮಧ್ಯಾಹ್ನ ತೋಟದಲ್ಲಿ ಎಲ್ಲರೂ ಬುತ್ತಿ ಬಿಚ್ಚಿ ಕೂತಿದ್ದರು. ತೋಟದ ಕೆಲಸದವರ ಲೈನ್ ಮನೆಯ ಹುಡುಗಿ, ಆರು ತಿಂಗಳ ಬಸುರಿ, ಫ್ಲಾಸ್ಕಿನ ಟೀ ಬಗ್ಗಿಸಿಕೊಂಡು ಕಬ್ಬಿಣದ ಮಾತ್ರೆ ಬಾಯಿಗೆ ಹಾಕಲು ಹೊರಟಿದ್ದಳು. ಅತ್ತೆ ಅಲ್ಲಿಂದಲೇ ಕೂಗಿದರು, "ಏ ಮಗಾ, ತಡಿ! ಟೀಲಿ ಬೇಡ." ಟೀ, ಕಾಫಿ ಕಬ್ಬಿಣವನ್ನೂ ಮೈಗೆ ಹತ್ತಲು ಬಿಡುವುದಿಲ್ಲ, ಹುಳಿ ಹಣ್ಣು ಜೊತೆಗಿದ್ದರೆ ಒಳ್ಳೆಯದು ಅಂತ ಅವರು ಮಡಿಕೇರಿಯಲ್ಲಿ ಕೇಳಿಸಿಕೊಂಡು ಬಂದಿದ್ದರು. ತಮ್ಮ ನೀರಿನ ಬಾಟಲಿ ಅವಳ ಕೈಗಿಟ್ಟರು. ಮಾತ್ರೆ ಗಂಟಲಿಂದ ಇಳಿಯುವ ತನಕ ನೋಡುತ್ತಾ ನಿಂತು, ಮಡಿಲಲ್ಲಿದ್ದ ಕಿತ್ತಳೆ ತೆಗೆದು ಸುಲಿಯತೊಡಗಿದರು.