ನಾರ್ಮಲೈಸೇಶನ್ ಅರ್ಥ ಆಗಬೇಕಾ? ಹಳೇ ಧಾರವಾಡ ಜಿಲ್ಲೆ ನೋಡಿ

ಡಿಬಿಎಂಎಸ್, ಅಂದರೆ ಡೇಟಾಬೇಸ್ ಕೋರ್ಸ್‌ನಲ್ಲಿ ಒಂದು ಅಧ್ಯಾಯ ಇದೆ, ಅಲ್ಲಿಗೆ ಬಂದ ಕೂಡಲೇ ಕ್ಲಾಸಿನ ಅರ್ಧ ಜನ ಕೈಬಿಡುತ್ತಾರೆ. ಇಆರ್ ಡಯಾಗ್ರಾಮ್ ತನಕ ಎಲ್ಲ ಚೆನ್ನಾಗಿರುತ್ತದೆ. ಚೌಕ ಬರೆದು ಗೆರೆ ಎಳೆದರೆ ಮಾರ್ಕ್ಸ್ ಬರುತ್ತದೆ. ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಭಾಷೆ ಎಸ್‌ಕ್ಯೂಎಲ್, ಅದರ ಲ್ಯಾಬ್ ಅಂತೂ ಖುಷಿಯೇ, ಟೈಪ್ ಮಾಡಿದ್ದಕ್ಕೆ ಉತ್ತರ ಎದುರಿಗೇ ಕಾಣುತ್ತದಲ್ಲ. ನಾರ್ಮಲೈಸೇಶನ್, ಅಂದರೆ ಒಂದೇ ಮಾತು ಎರಡು ಕಡೆ ಬರದ ಹಾಗೆ ಟೇಬಲ್‌ಗಳನ್ನು ಒಡೆದು ಇಡುವುದು, ಶುರುವಾದ ದಿನದಿಂದ ಮಾತ್ರ ಬರೀ ಬಾಯಿಪಾಠ. ಎ ಇಂದ ಬಿ, ಬಿ ಇಂದ ಸಿ, ಅದಕ್ಕೇ ಇದು ಥರ್ಡ್ ನಾರ್ಮಲ್ ಫಾರ್ಮ್ ಅಲ್ಲ. ಆ ಎ ಯಾರು, ಸಿ ಯಾರು ಅಂತ ಯಾರೂ ಕೇಳುವುದಿಲ್ಲ.

ನಾನು ಹಾವೇರಿಯಲ್ಲಿ ಬಿಸಿಎ ಮಕ್ಕಳಿಗೆ ಈ ಪೇಪರ್ ಪಾಠ ಮಾಡುತ್ತೇನೆ. ಇಡೀ ಕೋರ್ಸ್‌ನಲ್ಲಿ ಒಂದೇ ಒಂದು ಅಧ್ಯಾಯ ತಲೆಯಲ್ಲಿ ಉಳಿಯಬೇಕು ಅಂದರೆ ಅದು ಇದೇ ಆಗಬೇಕು ಅಂತ ನನ್ನ ಗಟ್ಟಿ ನಂಬಿಕೆ. ಎಸ್‌ಕ್ಯೂಎಲ್‌ನ ಸಾಲುಗಳನ್ನು ಯಾವಾಗ ಬೇಕಾದರೂ ಹುಡುಕಿಕೊಳ್ಳಬಹುದು. ಟೇಬಲ್ ಕಟ್ಟುವಾಗ ಏನನ್ನು ಎಲ್ಲಿ ಇಡಬೇಕು ಅನ್ನುವುದನ್ನು ಹಾಗೆ ಹುಡುಕಿಕೊಳ್ಳೋಕಾಗಲ್ಲ, ಅದನ್ನು ಕೂತು ಯೋಚನೆ ಮಾಡಿಯೇ ಕಲಿಯಬೇಕು. ಅದಕ್ಕೆ ಎಂಪ್ಲಾಯಿ, ಡಿಪಾರ್ಟ್‌ಮೆಂಟ್ ಅನ್ನುವ ಉದಾಹರಣೆ ಯಾಕೆ? ನಮ್ಮ ಮನೆ ಬಾಗಿಲಲ್ಲೇ ಇದೆ.

1997ರಲ್ಲಿ ಹಳೇ ಧಾರವಾಡ ಜಿಲ್ಲೆ ಮೂರಾಯಿತು. 17 ತಾಲೂಕಿನ ಜಿಲ್ಲೆ ಅದು. ಗದಗ, ರೋಣ, ನರಗುಂದ, ಮುಂಡರಗಿ, ಶಿರಹಟ್ಟಿ ಸೇರಿ ಗದಗ ಜಿಲ್ಲೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ, ಹಿರೇಕೆರೂರು, ಹಾನಗಲ್, ಸವಣೂರು, ಶಿಗ್ಗಾವಿ ಸೇರಿ ಹಾವೇರಿ ಜಿಲ್ಲೆ. ಉಳಿದ ಐದು ಧಾರವಾಡಕ್ಕೆ.

ಈಗ ಒಂದು ಟೇಬಲ್ ಯೋಚನೆ ಮಾಡಿ. ರೈತರ ಪಟ್ಟಿ ಅಂದುಕೊಳ್ಳಿ. ನಂಬರ್, ಹೆಸರು, ಊರು, ತಾಲೂಕು, ಜಿಲ್ಲೆ. ನೋಡೋಕೆ ಏನೂ ತಪ್ಪಿಲ್ಲ, ಎಕ್ಸೆಲ್‌ನಲ್ಲಿ ಎಲ್ಲರೂ ಹೀಗೇ ಮಾಡುತ್ತಾರೆ. ಜಿಲ್ಲೆ ಒಡೆದ ದಿನ ಏನಾಗುತ್ತದೆ? ಬ್ಯಾಡಗಿ ತಾಲೂಕಿನ ಪ್ರತಿಯೊಬ್ಬ ರೈತನ ಸಾಲಿಗೂ ಹೋಗಿ ಧಾರವಾಡ ಅಳಿಸಿ ಹಾವೇರಿ ಬರೆಯಬೇಕು. ಲಕ್ಷ ರೈತರಿದ್ದರೆ ಲಕ್ಷ ಸಾಲು. ಒಂದು ಸಾಲು ಬಿಟ್ಟುಹೋದರೂ ಒಂದೇ ತಾಲೂಕು ಎರಡು ಜಿಲ್ಲೆಯಲ್ಲಿ ಇರುತ್ತದೆ, ಯಾವುದು ಸರಿ ಅಂತ ಡೇಟಾಬೇಸ್ ಹೇಳಲ್ಲ.

ಜಿಲ್ಲೆ ಅನ್ನುವುದು ರೈತನ ವಿಷಯವೇ ಅಲ್ಲ. ಅದು ತಾಲೂಕಿನ ವಿಷಯ. ರೈತನಿಂದ ಊರು ಗೊತ್ತಾಗುತ್ತದೆ, ಊರಿನಿಂದ ತಾಲೂಕು, ತಾಲೂಕಿನಿಂದ ಜಿಲ್ಲೆ. ಬೋರ್ಡ್ ಮೇಲೆ ಬರೆಯುವ ಎ, ಬಿ, ಸಿ ಅಂದರೆ ಇವೇ. ಟ್ರಾನ್ಸಿಟಿವ್ ಡಿಪೆಂಡೆನ್ಸಿ ಅಂದರೆ ಇಷ್ಟೇ, ಅದು ಇರುವ ಟೇಬಲ್ ಥರ್ಡ್ ನಾರ್ಮಲ್ ಫಾರ್ಮ್ ಅಲ್ಲ. ತಾಲೂಕಿಗೆ ಬೇರೆ ಟೇಬಲ್ ಮಾಡಿ ಅದರಲ್ಲಿ ಜಿಲ್ಲೆ ಬರೆದಿದ್ದರೆ, 17 ಸಾಲಿನ ಆ ಟೇಬಲ್‌ನಲ್ಲಿ 12 ಸಾಲು ತಿದ್ದಿದರೆ ಕೆಲಸ ಮುಗಿಯಿತು. ರೈತರ ಟೇಬಲ್ ಮುಟ್ಟುವ ಅಗತ್ಯವೇ ಇಲ್ಲ.

ಊರು, ತಾಲೂಕು ಕೂಡ ಹಾಗೆಯೇ, ಊರುಗಳಿಗೂ ಬೇರೆ ಟೇಬಲ್ ಮಾಡಿ ಅದರಲ್ಲಿ ತಾಲೂಕು ಬರೆಯಬೇಕು. ಆಮೇಲೆ ರಟ್ಟೀಹಳ್ಳಿ ಹಿರೇಕೆರೂರಿನಿಂದ ಬೇರೆಯಾಗಿ ತಾಲೂಕಾಯಿತು. ಗಜೇಂದ್ರಗಡ ರೋಣದಿಂದ, ಲಕ್ಷ್ಮೇಶ್ವರ ಶಿರಹಟ್ಟಿಯಿಂದ, ಅಣ್ಣಿಗೇರಿ ನವಲಗುಂದದಿಂದ ಹೊರಬಂದವು. ಆಗ ತಾಲೂಕಿನ ಟೇಬಲ್‌ಗೆ ಹೊಸ ಸಾಲು ಸೇರುತ್ತದೆ, ತಿದ್ದಬೇಕಾದದ್ದು ಊರುಗಳ ಟೇಬಲ್.

ಇಲ್ಲಿ ಒಂದು ವಿಷಯ ಜಾಸ್ತಿ ಗಮನ ಇಟ್ಟು ಓದಿ. ಊರಿನಿಂದ ತಾಲೂಕು ಗೊತ್ತಾಗುತ್ತದೆ ಅಂದೆ, ಅಲ್ವಾ? ಊರಿನ ಹೆಸರಿನಿಂದ ಗೊತ್ತಾಗಲ್ಲ. ಹೊಸೂರು ಅನ್ನುವ ಹೆಸರಿನ ಊರು ಎಷ್ಟಿಲ್ಲ ಹೇಳಿ. ನಿಮ್ಮ ಸ್ಯಾಂಪಲ್ ಡೇಟಾದಲ್ಲಿ ಒಂದೇ ಹೊಸೂರು ಇದ್ದರೆ ಹೆಸರೇ ಕೀ, ಅಂದರೆ ಒಂದು ಸಾಲನ್ನು ಗುರುತಿಸುವ ಕಾಲಮ್, ಆಗುತ್ತದೆ ಅನ್ನಿಸುತ್ತದೆ. ಎರಡನೇ ಹೊಸೂರು ಬಂದ ದಿನ ಎಲ್ಲ ಬಿದ್ದುಹೋಗುತ್ತದೆ. ಒಂದು ಗೊತ್ತಿದ್ದರೆ ಇನ್ನೊಂದು ಗೊತ್ತಾಗುತ್ತದೆ ಅನ್ನುವ ಫಂಕ್ಷನಲ್ ಡಿಪೆಂಡೆನ್ಸಿಯನ್ನು ಟೇಬಲ್‌ನಲ್ಲಿರುವ ಸಾಲು ನೋಡಿ ಸಾಬೀತು ಮಾಡೋಕಾಗಲ್ಲ, ಹೊರಗಿನ ಜಗತ್ತು ಹೇಗಿದೆ ಅಂತ ತಿಳಿದವರೇ ಅದನ್ನು ಹೇಳಬೇಕು. ಅದಕ್ಕೇ ಊರಿಗೊಂದು ಕೋಡ್ ಬೇಕು. ರೈತನಿಗೆ ನಂಬರ್ ಬೇಕಾಗುವುದೂ ಇದೇ ಕಾರಣಕ್ಕೆ, ನಮ್ಮ ಕಡೆ ಒಂದೇ ಊರಲ್ಲಿ ಎಷ್ಟು ಜನ ಬಸವರಾಜರು ಸಿಗುತ್ತಾರೆ!

ಈ ಯೋಚನೆಯ ಮೂಲ ಎಡ್ಗರ್ ಕಾಡ್. ಐಬಿಎಂನ ಸ್ಯಾನ್ ಹೋಸೆ ಲ್ಯಾಬ್‌ನಲ್ಲಿದ್ದ ಅವರು 1970ರಲ್ಲಿ ಡೇಟಾವನ್ನು ಟೇಬಲ್‌ಗಳಾಗಿ ಇಡುವ ರಿಲೇಶನಲ್ ಮಾಡೆಲ್ ಬಗ್ಗೆ ಪ್ರಬಂಧ ಪ್ರಕಟಿಸಿದರು, 1981ರಲ್ಲಿ ಕಂಪ್ಯೂಟರ್ ವಿಜ್ಞಾನದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಬಂತು. 1974ರಲ್ಲಿ ಅದೇ ಕಂಪನಿಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಸೀಕ್ವೆಲ್ ಭಾಷೆ ತಂದರು. ಇವತ್ತಿನ ಎಸ್‌ಕ್ಯೂಎಲ್ ಅದೇ. ಥರ್ಡ್ ನಾರ್ಮಲ್ ಫಾರ್ಮ್‌ಗಿಂತ ಬಿಗಿಯಾದ ಬಾಯ್ಸ್-ಕಾಡ್ ನಾರ್ಮಲ್ ಫಾರ್ಮ್‌ನ ಬಾಯ್ಸ್ ಕೂಡ ಇವರೇ. ವೈವಾದಲ್ಲಿ ಕೇಳಲಿ ಬಿಡಲಿ, ಎರಡೂ ಕೆಲಸದಲ್ಲಿ ಇದೇ ಬಾಯ್ಸ್ ಇದ್ದರು ಅಂತ ತಿಳಿದಿರಲಿ.

ಟ್ರಾನ್ಸಾಕ್ಷನ್ ಪಾಠಕ್ಕೂ ನಾನು ಇದೇ ಟೇಬಲ್ ಇಟ್ಟುಕೊಳ್ಳುತ್ತೇನೆ. 12 ಸಾಲು ತಿದ್ದಬೇಕು. ಏಳು ತಿದ್ದುವಷ್ಟರಲ್ಲಿ ಕರೆಂಟ್ ಹೋಯಿತು. ಶಿಗ್ಗಾವಿ ಹಾವೇರಿ ಜಿಲ್ಲೆಗೆ ಬಂತು, ಪಕ್ಕದ ಸವಣೂರು ಇನ್ನೂ ಧಾರವಾಡದಲ್ಲೇ ಇದೆ. ಅಂಥ ಜಿಲ್ಲೆ ಯಾವತ್ತೂ ಇರಲೇ ಇಲ್ಲ. ಅದಕ್ಕೇ ಹನ್ನೆರಡನ್ನೂ ಸೇರಿಸಿ ಒಂದು ಟ್ರಾನ್ಸಾಕ್ಷನ್. ಆಗುವುದಾದರೆ ಎಲ್ಲ ಆಗಬೇಕು, ಇಲ್ಲದಿದ್ದರೆ ಒಂದೂ ಆಗಬಾರದು, ಇದಕ್ಕೇ ಅಟಾಮಿಸಿಟಿ ಅನ್ನುವುದು. ಮಾಡುವ ಬದಲಾವಣೆಯನ್ನು ಮೊದಲು ಲಾಗ್‌ಗೆ ಬರೆದುಕೊಳ್ಳುವುದರಿಂದಲೇ ಮಷೀನ್ ಮತ್ತೆ ಶುರುವಾದಾಗ ಅರ್ಧ ಕೆಲಸವನ್ನು ವಾಪಸ್ ತೆಗೆಯೋಕೆ ಆಗುತ್ತದೆ. ಕೀಬೋರ್ಡ್ ಮುಂದೆ ಕೂತು ಒಮ್ಮೆ ರೋಲ್‌ಬ್ಯಾಕ್, ಅಂದರೆ ಮಾಡಿದ್ದನ್ನು ವಾಪಸ್ ತೆಗೆಯುವ ಆಜ್ಞೆ, ಕೊಟ್ಟು ನೋಡಿದವರಿಗೆ ಅಟಾಮಿಸಿಟಿಯ ವ್ಯಾಖ್ಯೆ ಬಾಯಿಪಾಠ ಮಾಡುವ ಗೋಜೇ ಇಲ್ಲ.

ಈ ಪಾಠ ಮಾಡುವಾಗ ನನಗೆ ತುಂಬ ಇಷ್ಟವಾದ ಪ್ರಶ್ನೆ ಒಬ್ಬ ಹುಡುಗಿಯಿಂದ ಬಂತು. "ಸರ್, ನಮ್ಮ ಅಪ್ಪನ ಹಳೇ ಟಿಸಿ ಒಳಗ ಜಿಲ್ಲಾ ಧಾರವಾಡ ಅಂತ ಐತ್ರಿ. ನೀವು ಟೇಬಲ್ ತಿದ್ದಿದ್ರ ಅದೂ ಹಾವೇರಿ ಆಗತೈತೇನ್ರಿ?"

ಎಂಥ ಪ್ರಶ್ನೆ ನೋಡಿ. ಹೌದು, ಆಗಿಬಿಡುತ್ತದೆ. ಆ ಟಿಸಿಯನ್ನು ಡೇಟಾಬೇಸ್‌ನಿಂದ ಇವತ್ತು ಮತ್ತೆ ಪ್ರಿಂಟ್ ತೆಗೆದರೆ ಟೇಬಲ್‌ಗಳನ್ನು ಜೋಡಿಸಿ ಜಾಯಿನ್ ಮಾಡಿದಾಗ ಹಾವೇರಿ ಅಂತ ಬರುತ್ತದೆ. ಆ ಟಿಸಿ ಕೊಟ್ಟ ವರ್ಷ ಹಾವೇರಿ ಜಿಲ್ಲೆ ಇರಲೇ ಇಲ್ಲ. ಒಂದೇ ಮಾತನ್ನು ಎರಡು ಕಡೆ ಬರೆಯಬೇಡಿ ಅಂತ ನಾವು ಹೇಳಿಕೊಟ್ಟಿದ್ದೇವೆ. ಆದರೆ ಆಗಿನ ಜಿಲ್ಲೆ ಮತ್ತು ಈಗಿನ ಜಿಲ್ಲೆ ಒಂದೇ ಮಾತಲ್ಲ, ಎರಡು ಬೇರೆ ಬೇರೆ ಸಂಗತಿಗಳು. ಹುಬ್ಬಳ್ಳಿಯ ಇಂಗ್ಲಿಷ್ ಹೆಸರು 2014ರ ನವೆಂಬರ್ 1ರಂದು ಹುಬ್ಲಿಯಿಂದ ಹುಬ್ಬಳ್ಳಿ ಆಯಿತಲ್ಲ, ಅದೂ ಇದೇ ಜಾತಿ. ಹಳೇ ಕಾಗದದಲ್ಲಿ ಹುಬ್ಲಿ ಅಂತ ಇದ್ದರೆ ಅದು ತಪ್ಪು ಡೇಟಾ ಅಲ್ಲ.

ಹಾಗಾಗಿ ತಾಲೂಕಿನ ಟೇಬಲ್‌ನಿಂದ ಜಿಲ್ಲೆ ಕಾಲಮ್ ತೆಗೆಯಿರಿ. ತಾಲೂಕು, ಜಿಲ್ಲೆ, ಯಾವಾಗಿನಿಂದ, ಯಾವಾಗಿನ ತನಕ ಅಂತ ನಾಲ್ಕು ಕಾಲಮ್‌ನ ಇನ್ನೊಂದು ಟೇಬಲ್ ಮಾಡಿ. ಹಳೇ ಸಾಲನ್ನು ಅಳಿಸಬೇಡಿ, ಅದಕ್ಕೆ ಕೊನೆ ತಾರೀಖು ಹಾಕಿ ಹೊಸ ಸಾಲು ಸೇರಿಸಿ. ಈಗ ತಾಲೂಕು ಒಂದೇ ಪ್ರೈಮರಿ ಕೀ ಆಗಲ್ಲ, ತಾಲೂಕು ಮತ್ತು ಶುರುವಿನ ತಾರೀಖು ಎರಡೂ ಸೇರಿ ಕೀ ಆಗುತ್ತವೆ. ಡೇಟಾಬೇಸ್‌ಗೆ ಕೇಳುವ ಪ್ರಶ್ನೆ, ಅಂದರೆ ಕ್ವೆರಿ, ಸ್ವಲ್ಪ ಉದ್ದವಾಗುತ್ತದೆ, ಆಗಲಿ. ಜಾಯಿನ್ ಜಾಸ್ತಿಯಾದರೆ ನಿಧಾನ ಅಂತ ಕೆಲವರು ಮೊದಲ ದಿನದಿಂದಲೇ ಹೆದರಿಸುತ್ತಾರೆ, ಇಷ್ಟು ಪುಟ್ಟ ಟೇಬಲ್‌ಗೆ ಆ ಹೆದರಿಕೆ ಸುಮ್ನೆ.

ಸೆಮಿಸ್ಟರ್ ರಜೆಯಲ್ಲಿ ಇದನ್ನು ಮಾಡಿ ನೋಡಿ. ಎಸ್‌ಕ್ಯೂಲೈಟ್ ಅನ್ನುವ ಡೇಟಾಬೇಸ್ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಇಡೀ ಡೇಟಾಬೇಸ್ ಒಂದೇ ಫೈಲ್‌ನಲ್ಲಿರುತ್ತದೆ, ಹಳೇ ಲ್ಯಾಪ್‌ಟಾಪ್ ಸಾಕು. 17 ತಾಲೂಕು ತುಂಬಿ, 1997ರ ಬದಲಾವಣೆ ಹಾಕಿ. ಆಮೇಲೆ 1996ರ ಒಂದು ತಾರೀಖು ಕೊಟ್ಟು ಮುಂಡರಗಿ ಯಾವ ಜಿಲ್ಲೆ ಅಂತ ಕೇಳಿ. ಧಾರವಾಡ ಅಂತ ಬರಬೇಕು. ಇವತ್ತಿನ ತಾರೀಖು ಕೊಟ್ಟರೆ ಗದಗ. ಎರಡೂ ಉತ್ತರ ಒಂದೇ ಕ್ವೆರಿಯಿಂದ ಬಂದರೆ ನಿಮ್ಮ ಡಿಸೈನ್ ಸರಿ ಇದೆ. ಬರಲಿಲ್ಲ ಅಂದರೆ ಕ್ವೆರಿ ಕಾಮೆಂಟ್‌ನಲ್ಲಿ ಹಾಕಿ, ಕೂತು ನೋಡೋಣ.