ಟಿಕೆಟ್ ಒಬ್ಬರದು, ಗೇಟ್ ಇನ್ನೊಬ್ಬರದು: ಅವೇ ಅಭಿಮಾನಿಗಳನ್ನು ನೋಡಿಕೊಳ್ಳುವ ಕೆಲಸ

ಇಂಗ್ಲೆಂಡಿನ ಫುಟ್‌ಬಾಲ್‌ನಲ್ಲಿ ತಮ್ಮ ತಂಡದ ಬೆನ್ನು ಹತ್ತಿ ಎದುರಾಳಿಯ ಮೈದಾನಕ್ಕೆ ಹೋಗುವವರನ್ನು ಅವೇ ಫ್ಯಾನ್ಸ್ ಅನ್ನುತ್ತಾರೆ. ಅವರಿಗೆ ಟಿಕೆಟ್ ಮಾರುವುದು ಅವರದೇ ಕ್ಲಬ್. ಆದರೆ ಗೇಟು, ತಪಾಸಣೆ, ಶೌಚಾಲಯ, ಜನರನ್ನು ನೋಡಿಕೊಳ್ಳುವ ಮೈದಾನದ ಸಿಬ್ಬಂದಿ ಅಂದರೆ ಸ್ಟೀವರ್ಡ್‌ಗಳು ಎಲ್ಲವೂ ಎದುರಾಳಿ ಕ್ಲಬ್ಬಿನವು. ರಸ್ತೆ ಪೊಲೀಸರ ಕೈಯಲ್ಲಿ, ರೈಲು ಇನ್ಯಾರದೋ ಕೈಯಲ್ಲಿ. ಏನಾದರೂ ಎಡವಟ್ಟಾದರೆ ಪ್ರತಿಯೊಬ್ಬರೂ ಇನ್ನೊಬ್ಬರತ್ತ ಬೊಟ್ಟು ಮಾಡಬಹುದು, ಮಾಡುತ್ತಾರೆ ಕೂಡ. ಕ್ಲಬ್‌ಗಳಲ್ಲಿ ಅಭಿಮಾನಿಗಳ ಸಂಪರ್ಕ ನೋಡಿಕೊಳ್ಳುವ ಎಸ್‌ಎಲ್‌ಒ (ಸಪೋರ್ಟರ್ ಲಿಯೇಜಾನ್ ಆಫೀಸರ್) ವಿಭಾಗದ ಕೆಲಸವೆಲ್ಲ ಇರುವುದು ಈ ಸಂದಿನಲ್ಲೇ. ಜರ್ಮನಿಯ ಕ್ಲಬ್‌ಗಳಲ್ಲಿ ಆಗಲೇ ಇದ್ದ ಈ ಹುದ್ದೆಯನ್ನು 2012–13ರ ಋತುವಿನಿಂದ ಯುರೋಪಿನ ಫುಟ್‌ಬಾಲ್ ಆಡಳಿತ ಸಂಸ್ಥೆ ಯುಇಎಫ್‌ಎ ತನ್ನ ಲೈಸೆನ್ಸ್ ಬೇಕೆನ್ನುವ ಎಲ್ಲ ಕ್ಲಬ್‌ಗಳಿಗೂ ಕಡ್ಡಾಯ ಮಾಡಿತು. ಈ ಕೆಲಸ ಕಲಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೊಸದಾಗಿ ಇದಕ್ಕೆ ಬರುವವರಿಗೆ ಉಪಯೋಗವಾಗಲಿ.

ಮೊದಲು ಲೆಕ್ಕ. ಪ್ರೀಮಿಯರ್ ಲೀಗ್‌ನಲ್ಲಿ ಆತಿಥೇಯ ಕ್ಲಬ್ ಕನಿಷ್ಠ 3,000 ಜನ ಅವೇ ಅಭಿಮಾನಿಗಳಿಗೆ ಜಾಗ ಕೊಡಬೇಕು. ಮೈದಾನದ ಸಾಮರ್ಥ್ಯ 30,000ಕ್ಕಿಂತ ಕಡಿಮೆ ಇದ್ದರೆ ಅದರ ಶೇ 10ರಷ್ಟು ಕೊಟ್ಟರೆ ಸಾಕು. ಎಫ್‌ಎ ಕಪ್ ಎಂಬ ನಾಕೌಟ್ ಟೂರ್ನಿಯಲ್ಲಿ ಪ್ರವಾಸಿ ಕ್ಲಬ್ ಶೇ 15ರವರೆಗೆ ಕೇಳಬಹುದು. ಯುರೋಪಿನ ಟೂರ್ನಿಗಳಲ್ಲಿ ಕನಿಷ್ಠ ಶೇ 5. ಪ್ರೀಮಿಯರ್ ಲೀಗ್‌ನ ಅವೇ ಟಿಕೆಟ್‌ಗೆ 2016–17ರಿಂದ 30 ಪೌಂಡ್ ಮಿತಿ ಇದೆ. ಇದು ಯಾರೂ ದಯಪಾಲಿಸಿದ್ದಲ್ಲ. 20 ಪೌಂಡ್ ಸಾಕು ಎಂದು ಅಭಿಮಾನಿ ಸಂಘಟನೆಗಳು 2013ರಿಂದ ಬ್ಯಾನರ್ ಹಿಡಿದು, ಸಭೆ ಮಾಡಿ, ವರ್ಷಗಟ್ಟಲೆ ಒತ್ತಡ ಹಾಕಿದ್ದರ ಫಲ. ಅವೇ ಬ್ಲಾಕ್ ಖಾಲಿ ಹೊಡೆದರೆ ಇಡೀ ಮೈದಾನದ ಸದ್ದೇ ಸಪ್ಪೆಯಾಗುತ್ತದೆ, ಟಿವಿಯಲ್ಲೂ ಅದು ಎದ್ದು ಕಾಣುತ್ತದೆ ಎಂಬುದು ಕ್ಲಬ್‌ಗಳಿಗೂ ಗೊತ್ತಿತ್ತು.

ಕಪ್ ಪಂದ್ಯದ ಶೇ 15 ನೋಡಲು ಬರೀ ಒಂದು ಅಂಕಿ, ಕೆಲಸದಲ್ಲಿ ಅದು ಬೇರೆಯೇ ಪಂದ್ಯ. 40,000 ಆಸನದ ಮೈದಾನದಲ್ಲಿ 6,000 ಅಭಿಮಾನಿಗಳು ಅಂದರೆ ಲೀಗ್ ಪಂದ್ಯದ ದುಪ್ಪಟ್ಟು. ಎರಡೂ ಕಡೆಯವರನ್ನು ಬೇರೆ ಮಾಡುವ ಗೆರೆ ಪಕ್ಕದ ಬ್ಲಾಕ್‌ಗೆ ಸರಿಯುತ್ತದೆ. ವರ್ಷವಿಡೀ ಅಲ್ಲೇ ಕೂರುವ ಆತಿಥೇಯ ಸೀಸನ್ ಟಿಕೆಟ್‌ದಾರರನ್ನು ಎಬ್ಬಿಸಿ ಬೇರೆಡೆ ಕೂರಿಸಬೇಕು. ಲೀಗ್ ಪಂದ್ಯಗಳಲ್ಲಿ ಅವೇ ಅಭಿಮಾನಿಗಳು ಬಳಸದ ಮೆಟ್ಟಿಲು, ಶೌಚಾಲಯ, ಹೊರಬಾಗಿಲು ಈಗ ಅವರ ಪಾಲಿಗೆ ಬರುತ್ತವೆ, ಆದರೆ ಹೊರಗಿನ ಫಲಕಗಳು ಹಳೆಯವೇ ಇರುತ್ತವೆ. ಟಿಕೆಟ್ ಸಂಖ್ಯೆ ಒಪ್ಪಿಕೊಳ್ಳುವ ಮುಂಚೆಯೇ ಕೇಳಬೇಕಾದ ಪ್ರಶ್ನೆ ಇದು: ಹೆಚ್ಚುವರಿ ಬ್ಲಾಕ್‌ಗೆ ಯಾವ ಗೇಟಿನಿಂದ ಒಳಗೆ, ಯಾವ ಗೇಟಿನಿಂದ ಹೊರಗೆ? ನಕ್ಷೆಯ ಮೇಲೆ ಗುರುತು ಹಾಕಿಸಿಕೊಳ್ಳದೆ ಫೋನಿನಲ್ಲಿ ಕೇಳಿದ ಉತ್ತರವನ್ನು ನಂಬಬೇಡಿ.

ಟಿಕೆಟ್ ಹಂಚುವುದರಲ್ಲಿ ಲಾಯಲ್ಟಿ ಪಾಯಿಂಟ್ ಪದ್ಧತಿಯೇ ಸಾಮಾನ್ಯ. ಹೆಚ್ಚು ಪಂದ್ಯಗಳಿಗೆ ಹೋದವರಿಗೆ ಮೊದಲ ಅವಕಾಶ. ಇದು ನ್ಯಾಯವೇ, ಆದರೆ ಹೀಗೇ ಬಿಟ್ಟರೆ ಹತ್ತು ವರ್ಷದಲ್ಲಿ ಅವೇ ಬ್ಲಾಕ್ ಪೂರ್ತಿ ನಡುವಯಸ್ಸಿನವರದೇ ಆಗಿಬಿಡುತ್ತದೆ. ಪಾಯಿಂಟ್ ಇಲ್ಲದ ಹದಿನೆಂಟರ ಹುಡುಗಿಗೆ ಬಾಗಿಲೇ ತೆರೆಯುವುದಿಲ್ಲ. ಒಂದು ಸಣ್ಣ ಪಾಲನ್ನು ಯುವಕರಿಗೂ ಮೊದಲ ಸಲ ಬರುವವರಿಗೂ ಲಾಟರಿಯಲ್ಲಿ ಎತ್ತಿಡುವುದು ಒಳ್ಳೆಯದು. ಗಾಲಿಕುರ್ಚಿಯವರ ಜಾಗ, ಜೊತೆಗಾರರ ಟಿಕೆಟ್, ಮೆಟ್ಟಿಲು ಹತ್ತಲಾರದವರ ಆಸನ, ಇವು ಮೂರನ್ನೂ ಬೇರೆ ಬೇರೆಯಾಗಿ ಕೇಳಿ ಲಿಖಿತ ಉತ್ತರ ಪಡೆಯಬೇಕು. ಹಳೆಯ ಮೈದಾನಗಳಲ್ಲಿ ಅವೇ ಗಾಲಿಕುರ್ಚಿ ಜಾಗ ಆತಿಥೇಯ ಅಭಿಮಾನಿಗಳ ನಡುವೆ ಇರುವುದುಂಟು. ಗೋಲು ಬಿದ್ದಾಗ ಖುಷಿಯಿಂದ ಕೂಗಲೂ ಹೆದರಬೇಕಾದ ಜಾಗ ಅದು. ಬೇರೆ ಜಾಗ ಇಲ್ಲವೆಂದಾದರೆ ಟಿಕೆಟ್ ಕೊಳ್ಳುವ ಮೊದಲೇ ಅವರಿಗೆ ತಿಳಿಸಲೇಬೇಕು.

ಇನ್ನು ಪ್ರಯಾಣ. ಅಭಿಮಾನಿಗಳ ಜೇಬಿಗೆ ದೊಡ್ಡ ಪೆಟ್ಟು ಕೊಡುವುದು ಟಿಕೆಟ್ ಅಲ್ಲ, ಟಿವಿಗಾಗಿ ಬದಲಾಗುವ ಪಂದ್ಯದ ಸಮಯ. ಬ್ರಿಟನ್‌ನಲ್ಲಿ ಅಗ್ಗದ ಮುಂಗಡ ರೈಲು ಟಿಕೆಟ್‌ಗಳು ಸಾಮಾನ್ಯವಾಗಿ ಸುಮಾರು 12 ವಾರ ಮೊದಲು ಮಾರಾಟಕ್ಕೆ ಬರುತ್ತವೆ. ಪಂದ್ಯದ ಸಮಯ ಖಚಿತವಾಗುವುದು ಎಷ್ಟೋ ಸಲ ಅದಾದ ಮೇಲೆ. ಶನಿವಾರ ಮಧ್ಯಾಹ್ನವೆಂದು ನಂಬಿ ಕೊಂಡ ಆ ಟಿಕೆಟ್‌ನ ಹಣ ವಾಪಸ್ ಬರುವುದಿಲ್ಲ. ಸೋಮವಾರ ರಾತ್ರಿ 8ಕ್ಕೆ ಶುರುವಾದ ಪಂದ್ಯ ಮುಗಿಯುವಾಗ 10 ಗಂಟೆ. ದೂರದೂರಿನವರಿಗೆ ಅಷ್ಟು ಹೊತ್ತಿಗೆ ಊರು ಮುಟ್ಟಿಸುವ ರೈಲೇ ಇರುವುದಿಲ್ಲ. ಆಗ ಕ್ಲಬ್ ಎರಡು ಕೆಲಸ ಮಾಡಬಹುದು. ಪಂದ್ಯ ಮುಂದೆ ಹೋದುದರಿಂದ ಬರಲಾಗದವರಿಗೆ ಪಾಯಿಂಟ್ ಕಳೆಯದೆ ಹಣ ವಾಪಸ್ ಕೊಡುವುದು ಒಂದು, ಬಸ್ಸಿನ ಖರ್ಚನ್ನು ತಾನೇ ಹೊರುವುದು ಇನ್ನೊಂದು. 2013ರಲ್ಲಿ ಪ್ರೀಮಿಯರ್ ಲೀಗ್ ಅವೇ ಅಭಿಮಾನಿಗಳಿಗಾಗಿ ಪ್ರತಿ ಕ್ಲಬ್‌ಗೆ ಋತುವಿಗೆ 2 ಲಕ್ಷ ಪೌಂಡ್ ಲೆಕ್ಕದ ನಿಧಿ ಶುರು ಮಾಡಿದಾಗ ಹಲವು ಕ್ಲಬ್‌ಗಳು ಆ ಹಣವನ್ನು ಬಸ್ಸಿಗೂ ಟಿಕೆಟ್ ರಿಯಾಯಿತಿಗೂ ಹಾಕಿದವು. ಉಚಿತ ಸ್ಕಾರ್ಫ್ ಹಂಚುವುದಕ್ಕಿಂತ ಇದು ನೂರು ಪಾಲು ಮೇಲು.

ಬಸ್ ಗೊತ್ತು ಮಾಡುವಾಗ ಹೊಸಬರು ಮರೆಯುವುದು ಡ್ರೈವರ್ ಕೆಲಸದ ವೇಳೆಯ ಕಾನೂನನ್ನು. ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿಶ್ರಾಂತಿ, ದಿನಕ್ಕೆ 9 ಗಂಟೆ ಚಾಲನೆ, ವಾರದಲ್ಲಿ ಎರಡು ದಿನ ಮಾತ್ರ 10 ಗಂಟೆ. ನ್ಯೂಕ್ಯಾಸಲ್‌ನಿಂದ ಬೋರ್ನ್‌ಮತ್‌ಗೆ ಸುಮಾರು 350 ಮೈಲಿ, ಬಸ್ಸಿನ ವೇಗ ಗಂಟೆಗೆ 62 ಮೈಲಿ ದಾಟದಂತೆ ಕಟ್ಟಿಹಾಕಿರುತ್ತಾರೆ. ಒಂದು ದಿಕ್ಕಿಗೇ ಏಳು ಗಂಟೆ ಹಿಡಿಯುತ್ತದೆ. ಅದೇ ದಿನ ವಾಪಸ್ ಬರಬೇಕಾದರೆ ಇಬ್ಬರು ಡ್ರೈವರ್ ಇಲ್ಲದೆ ಆಗದು, ಬಾಡಿಗೆಯೂ ಅದಕ್ಕೆ ತಕ್ಕಂತೆ ಏರುತ್ತದೆ. ಹೆಚ್ಚುವರಿ ಸಮಯ, ಪೆನಾಲ್ಟಿ ಶೂಟೌಟ್ ಇರುವ ಕಪ್ ಪಂದ್ಯಕ್ಕೆ ಇನ್ನೂ ಒಂದು ಗಂಟೆ ಕೈಯಲ್ಲಿ ಇಟ್ಟುಕೊಂಡೇ ವೇಳಾಪಟ್ಟಿ ಬರೆಯಬೇಕು.

ಮದ್ಯದ ವಿಷಯ ಬಸ್ ಹೊರಡುವ ಮೊದಲೇ ಸ್ಪಷ್ಟವಾಗಿರಲಿ. 1985ರ ಕಾಯ್ದೆ ಪ್ರಕಾರ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಪಂದ್ಯಕ್ಕೆ ಹೋಗುವ ಬಾಡಿಗೆ ಬಸ್ಸಿನೊಳಗೆ ಮದ್ಯ ಒಯ್ಯುವುದೇ ಅಪರಾಧ. ಬಸ್ ಕಂಪನಿಗಳಿಗೆ ಮಾರ್ಗಸೂಚಿಗಳೂ ಇವೆ: ಪೊಲೀಸರು ಬೇರೆ ಹೇಳದಿದ್ದರೆ ಪಂದ್ಯಕ್ಕೆ ಎರಡು ಗಂಟೆಗಿಂತ ಮುಂಚೆ ಮೈದಾನ ಮುಟ್ಟಬಾರದು, ಒಪ್ಪಿಗೆ ಇಲ್ಲದೆ ಮೈದಾನದ 10 ಮೈಲಿಯೊಳಗೆ ಎಲ್ಲೂ ನಿಲ್ಲಿಸಬಾರದು, ಪಂದ್ಯ ಮುಗಿದ 30 ನಿಮಿಷದಲ್ಲಿ ಹೊರಡಬೇಕು. ಊಟಕ್ಕೆ ಪಬ್‌ನಲ್ಲಿ ನಿಲ್ಲಿಸುವ ಆಸೆಯಿದ್ದರೆ ಆ ಭಾಗದ ಪೊಲೀಸ್ ಫುಟ್‌ಬಾಲ್ ಅಧಿಕಾರಿಯ ಒಪ್ಪಿಗೆ ಮೊದಲು ಬೇಕು. ಈ 30 ನಿಮಿಷದ ನಿಯಮವೇ ನಿಧಾನವಾಗಿ ನಡೆಯುವವರಿಗೆ ಕಷ್ಟ ಕೊಡುವುದು. ಬಸ್ ನಿಲ್ದಾಣ ಒಂದು ಮೈಲಿ ದೂರವಿದ್ದರೆ ಅವರು ಪಂದ್ಯ ಮುಗಿಯುವ ಮೊದಲೇ ಎದ್ದು ಹೊರಡುತ್ತಾರೆ. ಅವರ ಬಸ್ಸನ್ನು ಗೇಟಿನ ಹತ್ತಿರ ನಿಲ್ಲಿಸಲು ಒಪ್ಪಿಗೆ ಕೇಳಿ. ಬಹಳ ಸಲ ಸಿಗುತ್ತದೆ, ಕೇಳುವವರೇ ಇಲ್ಲ.

ಈಗ ಗೇಟು. ಇಡೀ ದಿನದಲ್ಲಿ ಅತಿ ಹೆಚ್ಚು ಕೆಡುವುದು ಇಲ್ಲಿಯೇ. ಬ್ರಿಟನ್‌ನ ಮೈದಾನ ಸುರಕ್ಷತೆಯ ಕೈಪಿಡಿ ಗ್ರೀನ್ ಗೈಡ್, ಒಂದು ಟರ್ನ್‌ಸ್ಟೈಲ್‌ನಿಂದ (ಒಬ್ಬೊಬ್ಬರನ್ನೇ ಒಳಗೆ ಬಿಡುವ ತಿರುಗು ಗೇಟು) ಗಂಟೆಗೆ ಹೆಚ್ಚೆಂದರೆ 660 ಜನ ಎಂದು ಲೆಕ್ಕ ಹಿಡಿಯಬೇಕು ಎನ್ನುತ್ತದೆ. 3,000 ಜನಕ್ಕೆ ಐದು ಟರ್ನ್‌ಸ್ಟೈಲ್ ಸಾಕು ಎಂದು ಕಾಗದದ ಮೇಲೆ ಬರೆದುಬಿಡಬಹುದು. ಆದರೆ ಅದು ತಡೆಯಿಲ್ಲದೆ ಸಾಗುವ ಸಾಲಿನ ಲೆಕ್ಕ. ಮುಂದೆ ಮೈ ತಡವಿ ನೋಡುವ ತಪಾಸಣೆ ಇದ್ದು, ಒಬ್ಬೊಬ್ಬರಿಗೆ ಹತ್ತು ಸೆಕೆಂಡ್ ಹಿಡಿದರೆ ಒಬ್ಬ ಸ್ಟೀವರ್ಡ್ ಗಂಟೆಗೆ 360 ಜನರನ್ನಷ್ಟೇ ಬಿಡಬಲ್ಲ. ಟರ್ನ್‌ಸ್ಟೈಲ್ ಹತ್ತಿದ್ದರೂ ತಪಾಸಣೆಗೆ ನಾಲ್ಕೇ ಜನ ನಿಂತಿದ್ದರೆ ಸಾಲು ಕಟ್ಟುವುದು ಅಲ್ಲಿ. ಆದ್ದರಿಂದ ಆತಿಥೇಯ ಕ್ಲಬ್‌ಗೆ ಕೇಳಬೇಕಾದದ್ದು ಗೇಟು ಎಷ್ಟು ಎಂದಲ್ಲ, ತಪಾಸಣೆಗೆ ಎಷ್ಟು ಜನ, ಅವರಲ್ಲಿ ಮಹಿಳೆಯರು ಎಷ್ಟು ಎಂದು. ಮಹಿಳಾ ಸ್ಟೀವರ್ಡ್ ಒಬ್ಬರೇ ಇದ್ದರೆ ಕುಟುಂಬದೊಂದಿಗೆ ಬಂದವರು ಬೇರೆ ಬೇರೆಯಾಗಿ, ಹೊಸ ಊರಿನಲ್ಲಿ ಗೇಟಿನ ಆಚೆ ಈಚೆ ಕಾಯುತ್ತಾ ನಿಲ್ಲಬೇಕಾಗುತ್ತದೆ.

ಗೇಟಿನ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಈ ಕೆಲಸದಲ್ಲಿರುವ ಯಾರಿಗೂ ಉದಾಹರಣೆ ಹುಡುಕಬೇಕಾಗಿಲ್ಲ. 1989ರ ಏಪ್ರಿಲ್ 15ರಂದು ಶೆಫೀಲ್ಡ್‌ನ ಹಿಲ್ಸ್‌ಬರೋ ಮೈದಾನದಲ್ಲಿ ಲೆಪಿಂಗ್ಸ್ ಲೇನ್ ಕಡೆಯ ನಿಲ್ಲುವ ಜಾಗಕ್ಕೆ 10,100 ಲಿವರ್‌ಪೂಲ್ ಅಭಿಮಾನಿಗಳು ಬರಬೇಕಿತ್ತು, ಅವರಿಗಿದ್ದ ಟರ್ನ್‌ಸ್ಟೈಲ್ ಏಳು. ಇಂದಿನ ಲೆಕ್ಕದಲ್ಲಿ ಎಲ್ಲ ಸರಿಯಿದ್ದರೂ ಎರಡು ಗಂಟೆಗೂ ಮೇಲೆ ಹಿಡಿಯುವ ಕೆಲಸ. ಹೊರಗೆ ನೂಕುನುಗ್ಗಲು ಮಿತಿಮೀರಿದಾಗ ಪೊಲೀಸರು ನಿರ್ಗಮನದ ಗೇಟ್ ತೆರೆಸಿದರು. ಆಗಲೇ ತುಂಬಿದ್ದ ನಡುವಿನ ಆವರಣಗಳತ್ತ ಒಯ್ಯುವ ಸುರಂಗದ ದಾರಿಯನ್ನು ಮಾತ್ರ ಮುಚ್ಚಲಿಲ್ಲ. ಸತ್ತವರು 97 ಜನ. ಅದಾದ ಮೇಲೆ ದಶಕಗಳ ಕಾಲ ಆ ಅಭಿಮಾನಿಗಳ ಮೇಲೆಯೇ ಆರೋಪ ಹೊರಿಸಲಾಯಿತು. 2022ರ ಮೇ 28ರಂದು ಪ್ಯಾರಿಸ್‌ನ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲೂ ನಡೆದದ್ದು ಇದೇ ಜಾಡಿನಲ್ಲಿ. ಒಂದು ರೈಲು ಮಾರ್ಗದಲ್ಲಿ ಮುಷ್ಕರ, ಜನರೆಲ್ಲ ಇನ್ನೊಂದು ನಿಲ್ದಾಣದಿಂದ ಬಂದರು. ದಾರಿ ಸೇತುವೆಯ ಕೆಳಗಿನ ಇಕ್ಕಟ್ಟಿನ ಜಾಗಕ್ಕೆ ಬಂತು, ಟಿಕೆಟ್ ತಪಾಸಣೆ ಅಲ್ಲಿಯೇ. ಪಂದ್ಯ 36 ನಿಮಿಷ ತಡವಾಯಿತು. ಅಭಿಮಾನಿಗಳು ತಡವಾಗಿ ಬಂದರೆಂದು ಪರದೆಯ ಮೇಲೆ ಘೋಷಿಸಲಾಯಿತು, ಗಂಟೆಗಟ್ಟಲೆ ಮೊದಲೇ ಬಂದವರು ಸಾಲಿನಲ್ಲಿ ನಿಂತಿದ್ದರು. ಮುಖ್ಯ ಹೊಣೆ ಯುಇಎಫ್‌ಎಯದೇ ಎಂದು ಸ್ವತಂತ್ರ ತನಿಖಾ ವರದಿ 2023ರ ಫೆಬ್ರುವರಿಯಲ್ಲಿ ಹೇಳಿತು.

ಆದ್ದರಿಂದ ಗೇಟಿನ ಬಳಿ ಪ್ರವಾಸಿ ಕ್ಲಬ್ಬಿನ ಜನ ನಿಲ್ಲಲೇಬೇಕು. ಎದುರಾಳಿ ಕ್ಲಬ್ಬಿನ ಸುರಕ್ಷತಾ ಅಧಿಕಾರಿಯ ನೇರ ಫೋನ್ ಸಂಖ್ಯೆ ಅವರ ಬಳಿ ಇರಬೇಕು. ಪಂದ್ಯಕ್ಕೆ 30 ನಿಮಿಷ ಇರುವಾಗ ಒಂದು ಎಣಿಕೆ, 15 ನಿಮಿಷ ಇರುವಾಗ ಇನ್ನೊಂದು: ಮಾರಿದ ಟಿಕೆಟ್ ಎಷ್ಟು, ಒಳಗೆ ಹೋದವರು ಎಷ್ಟು. ಎರಡನೇ ಎಣಿಕೆಯಲ್ಲಿ ಇನ್ನೂ ನೂರಾರು ಜನ ಹೊರಗಿದ್ದರೆ ಪಂದ್ಯ ತಡ ಮಾಡುವಂತೆ ಕೇಳಬೇಕು, ಮುಜುಗರ ಬೇಡ. ತಡವಾಗುವುದು ಖಚಿತವಾದ ಕೂಡಲೇ ಸಾಲಿನಲ್ಲಿ ನಿಂತವರಿಗೆ ಮೆಗಾಫೋನಿನಲ್ಲಿ ಹೇಳಬೇಕು. ಪಂದ್ಯ ತಪ್ಪುವುದಿಲ್ಲ ಎಂದು ಗೊತ್ತಾದರೆ ಯಾರೂ ತಳ್ಳುವುದಿಲ್ಲ.

ಡಿಜಿಟಲ್ ಟಿಕೆಟ್ ಬಂದ ಮೇಲೆ ಇನ್ನೊಂದು ತೊಡಕು ಸೇರಿದೆ. ಎರಡು ಕ್ಲಬ್‌ಗಳ ಸಿಸ್ಟಂ ಬೇರೆ ಬೇರೆ, ಒಂದರ ಬಾರ್‌ಕೋಡ್ ಪಟ್ಟಿ ಇನ್ನೊಂದರಲ್ಲಿ ಕೂರಬೇಕು. ಪಟ್ಟಿ ಕಳಿಸಿದ ಮೇಲೆ ಟಿಕೆಟ್ ಬದಲಾಯಿಸಿಕೊಂಡವರೇ ಗೇಟಿನಲ್ಲಿ ಕೆಂಪು ದೀಪ ಕಾಣುವವರು. ಪಂದ್ಯದ ಹಿಂದಿನ ದಿನ ಪ್ರತಿ ಬಗೆಯ ಟಿಕೆಟ್‌ನಿಂದ ಒಂದೊಂದನ್ನು, ಅಂದರೆ ವಯಸ್ಕ, ಮಗು, ಜೊತೆಗಾರ, ಕೊನೇ ಗಳಿಗೆಯ ಬದಲಿ, ಸ್ಕ್ಯಾನ್ ಮಾಡಿಸಿ ನೋಡಿ. ಬ್ಯಾಟರಿ ಸತ್ತ ಫೋನಿನವರಿಗಾಗಿ ಮುದ್ರಿತ ಹೆಸರು ಪಟ್ಟಿ ಕೈಯಲ್ಲಿರಲಿ.

ಒಳಗೆ ಹೋದ ಮೇಲೆ ದೊಡ್ಡ ತೊಂದರೆ ಮಧ್ಯಂತರದ 15 ನಿಮಿಷ. ಒಂದು ಕೌಂಟರ್ ನಿಮಿಷಕ್ಕೆ ಇಬ್ಬರಿಗೆ ಕೊಟ್ಟರೆ 15 ನಿಮಿಷದಲ್ಲಿ 30 ಜನ, ಹತ್ತು ಕೌಂಟರ್ ಇದ್ದರೂ 300. ಕೆಳಗಿಳಿದು ಬರುವವರು ಸಾವಿರ. ಇಂಗ್ಲೆಂಡಿನಲ್ಲಿ ಮೈದಾನ ಕಾಣುವ ಜಾಗದಲ್ಲಿ ಬಿಯರ್ ಕುಡಿಯುವಂತಿಲ್ಲವಾದ್ದರಿಂದ ಎಲ್ಲರೂ ಆಸನಗಳ ಹಿಂದಿನ ಅದೇ ಇಕ್ಕಟ್ಟಿನ ಪಡಸಾಲೆಯಲ್ಲಿ ನಿಂತೇ ಮುಗಿಸಬೇಕು. ಗೇಟನ್ನು ಬೇಗ ತೆರೆದು, ಪಂದ್ಯಕ್ಕೆ ಮುಂಚೆಯೇ ತಿಂದುಕುಡಿಯುವಂತೆ ಮಾಡಿದರೆ ಅರ್ಧ ಭಾರ ಇಳಿಯುತ್ತದೆ. ಕಾರ್ಡ್ ಮಾತ್ರ ನಡೆಯುತ್ತದೆಯೇ ಎಂಬುದನ್ನು ಮೊದಲೇ ತಿಳಿಸಿ, ನಗದು ಹಿಡಿದು ಬರುವ ಹಿರಿಯರು ಇನ್ನೂ ಬಹಳ ಇದ್ದಾರೆ. ಡ್ರಮ್ ಮತ್ತು ದೊಡ್ಡ ಬಾವುಟಕ್ಕೆ ಮುಂಚಿತವಾಗಿ ಒಪ್ಪಿಗೆ ಬೇಕು. ದೊಡ್ಡ ಬಾವುಟದ ಬಟ್ಟೆಗೆ ಬೆಂಕಿ ಹತ್ತುವುದಿಲ್ಲ ಎಂಬ ಪ್ರಮಾಣಪತ್ರವನ್ನೂ ಕೇಳುತ್ತಾರೆ. ಗೇಟಿನಲ್ಲಿ ಬಾವುಟ ಕಿತ್ತಿಟ್ಟುಕೊಂಡರೆ ಅಲ್ಲಿಂದಲೇ ಜಗಳ ಶುರು.

ಯುರೋಪಿನ ಪಂದ್ಯಗಳಿಗೆ ದೇಶಕ್ಕೊಂದು ನಿಯಮ. ಇಟಲಿಯಲ್ಲಿ ಟಿಕೆಟ್ ಮೇಲಿನ ಹೆಸರಿಗೂ ಪಾಸ್‌ಪೋರ್ಟಿಗೂ ತಾಳೆಯಾಗಬೇಕು. ನೆದರ್‌ಲ್ಯಾಂಡ್ಸ್‌ನ ಲೀಗ್‌ನಲ್ಲಿ ಅಪಾಯದ ಪಂದ್ಯಗಳಿಗೆ ಕ್ಲಬ್ ಗೊತ್ತುಮಾಡಿದ ಬಸ್ಸಿನಲ್ಲೇ ಬರಬೇಕೆಂಬ ಪದ್ಧತಿ ಇದೆ. ಬೆಲೆಯ ಮಟ್ಟಿಗೆ ಒಳ್ಳೆಯ ಸುದ್ದಿ ಇದೆ: ಅವೇ ಟಿಕೆಟ್‌ನ ಮಿತಿಯನ್ನು ಯುಇಎಫ್‌ಎ 2025–26ಕ್ಕೆ ಚಾಂಪಿಯನ್ಸ್ ಲೀಗ್‌ನಲ್ಲಿ 50 ಯೂರೊ, ಯುರೋಪಾ ಲೀಗ್‌ನಲ್ಲಿ 35, ಕಾನ್ಫರೆನ್ಸ್ ಲೀಗ್‌ನಲ್ಲಿ 20 ಎಂದು ಗೊತ್ತುಪಡಿಸಿತು. ಪಂದ್ಯ ಮುಗಿದ ಮೇಲೆ ಅವೇ ಅಭಿಮಾನಿಗಳನ್ನು ಒಳಗೇ ತಡೆದಿಡುವುದು ಅಲ್ಲಿ ಮಾಮೂಲು. ತಡೆಯುವುದು ಎಷ್ಟು ನಿಮಿಷ ಎಂದು ಟಿಕೆಟ್ ಮಾರುವಾಗಲೇ ಹೇಳಿದರೆ ಜನ ವಿಮಾನ, ರೈಲು ನೋಡಿಕೊಳ್ಳುತ್ತಾರೆ. ಆ ಹೊತ್ತಿನಲ್ಲಿ ನೀರು, ಶೌಚಾಲಯ ತೆರೆದಿರಬೇಕು ಎಂಬುದನ್ನು ಪಂದ್ಯಪೂರ್ವ ಸಭೆಯ ಟಿಪ್ಪಣಿಯಲ್ಲಿ ಬರೆಸಿಕೊಳ್ಳಿ. ಬರೆಸದಿದ್ದರೆ ಅಂಗಡಿಯವರು ಪಂದ್ಯದ ಕೊನೆಯ ಸಿಳ್ಳೆ ಬಿದ್ದೊಡನೆ ಶಟರ್ ಎಳೆದು ಹೋಗುತ್ತಾರೆ.

ಊರಿಗೆ ಮರಳಿದ ಎರಡು ದಿನದೊಳಗೆ ವರದಿ ಬರೆಯಬೇಕು. ತಡವಾದರೆ ಗೇಟಿನ ಸಂಖ್ಯೆ, ಸಮಯ ಎಲ್ಲ ಮರೆತು "ಸ್ವಾಗತ ಸರಿಯಿರಲಿಲ್ಲ" ಎಂಬ ಒಂದು ಸಾಲಷ್ಟೇ ಉಳಿಯುತ್ತದೆ. ಅದರಿಂದ ಯಾರೂ ಏನೂ ಸರಿಮಾಡಲಾರರು. ಯಾವ ಗೇಟು, ಎಷ್ಟು ಹೊತ್ತಿಗೆ, ಸಾಲು ಎಲ್ಲಿಯವರೆಗೆ, ಯಾವ ಶೌಚಾಲಯದಲ್ಲಿ ನೀರಿಲ್ಲ, ಹೀಗೆ ಬರೆದು ಎದುರಾಳಿ ಕ್ಲಬ್ಬಿನ ಎಸ್‌ಎಲ್‌ಒಗೆ ಕಳಿಸಿ. ಚೆನ್ನಾಗಿ ನಡೆಸಿಕೊಂಡ ಸ್ಟೀವರ್ಡ್ ಇದ್ದರೆ ಅದನ್ನೂ ಬರೆಯಿರಿ. ಅದೇ ಋತುವಿನಲ್ಲಿ ಅವರ ಅಭಿಮಾನಿಗಳು ನಮ್ಮ ಮೈದಾನಕ್ಕೆ ಬರುವವರು, ಅವರ ವರದಿಯೂ ನಮಗೆ ಬರುತ್ತದೆ. ಮಳೆ ಬಂದರೆ ತೊಯ್ಯುವ ಸಾಲುಗಳು ಯಾವುವು, ಕಂಬ ಅಡ್ಡ ಬರುವ ಆಸನಗಳು ಯಾವುವು ಎಂಬುದನ್ನೂ ಕಡತದಲ್ಲಿ ಸೇರಿಸಿಡಿ. ಮುಂದಿನ ವರ್ಷ ಆ ಟಿಕೆಟ್ ಮಾರುವಾಗ ಕೊಳ್ಳುವವರಿಗೆ ಮೊದಲೇ ಹೇಳಬಹುದು.