ಆರು ಸೆಲ್, ಒಂದು ಆ್ಯಪ್

ನಿನ್ನೆ ಸಂಜೆ ನನ್ನ ಪುಟ್ಟ ಸಿಂಥ್ (ಬೇಕಾದ ಸದ್ದನ್ನು ನಾವೇ ರೂಪಿಸಿಕೊಳ್ಳುವ ಎಲೆಕ್ಟ್ರಾನಿಕ್ ಕೀಬೋರ್ಡ್) ಹಿಡಿದುಕೊಂಡು ಮಲ್ಪೆ ಬೀಚಿಗೆ ಹೋಗಿದ್ದೆ. ಆರು ಪೆನ್ಸಿಲ್ ಸೆಲ್ ಹಾಕಿದರೆ ಸಾಕು, ವಯರ್ ಬೇಡ, ಪ್ಲಗ್ ಬೇಡ. ವಾರವಿಡೀ ಕೂತು ಒಂದು ಟೋನ್ ಮಾಡಿದ್ದೆ. ಭಜನಾ ಮಂದಿರದ ಹಾರ್ಮೋನಿಯಂ ತಿದಿ ಉಸಿರೆಳೆದ ಹಾಗೆ ನಿಧಾನಕ್ಕೆ ಏರುವ ಸದ್ದು. ಅದನ್ನು ಅಲೆಗಳ ಎದುರು ಕೂತು ನುಡಿಸಬೇಕು ಅಂತ ಆಸೆ.

ಆದರೆ ಟೋನ್ ಇದ್ದದ್ದು ಫೋನಿನ ಆ್ಯಪ್‌ನಲ್ಲಿ. ಈ ಸಿಂಥ್ ಒಳಗೆ ಟೋನ್ ಉಳಿಸಲು ಜಾಗವೇ ಇಲ್ಲ. ಫೋನ್ ಅಪ್‌ಡೇಟ್ ಆದ ಮೇಲೆ ಆ್ಯಪ್ ತೆರೆಯಲೇ ಇಲ್ಲ. ತುಂಬಾ ಬೇಜಾರಾಯಿತು. ಸೆಲ್ ಮುಗಿದರೆ ಯಾವ ಗೂಡಂಗಡಿಯಲ್ಲೂ ಸಿಗುತ್ತದೆ. ಆ್ಯಪ್ ನಿಂತುಹೋದರೆ ಎಲ್ಲಿ ಹುಡುಕುವುದು? 1983ರಲ್ಲಿ ಬಂದ ಮಿಡಿ, ಅಂದರೆ ಎಲೆಕ್ಟ್ರಾನಿಕ್ ವಾದ್ಯಗಳ ನಡುವಿನ ಸಾಮಾನ್ಯ ಭಾಷೆ, ಇವತ್ತಿಗೂ ಹಳೆ ಕೀಬೋರ್ಡನ್ನೂ ಹೊಸದನ್ನೂ ಒಂದಕ್ಕೊಂದು ಮಾತಾಡಿಸುತ್ತದೆ. ಹಾಗೆ ಬಾಳುವಂಥದ್ದು ಬೇಕು. ಪೆಟ್ಟಿಗೆಯೊಳಗೇ ನಾಲ್ಕು ಟೋನಿಗೆ ಜಾಗ ಕೊಟ್ಟಿದ್ದರೂ ಸಾಕಿತ್ತು, ಅಲ್ವಾ?

ಕೈಯಲ್ಲೇ ಸ್ಲೈಡರ್ ಎಳೆದು ಎಳೆದು ನೋಡಿದೆ. ಕತ್ತಲಾಗುವ ಹೊತ್ತಿಗೆ ಆ ಸದ್ದು ಹೆಚ್ಚುಕಮ್ಮಿ ಸಿಕ್ಕಿತು. ಮನೆಗೆ ಬಂದವಳೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ: ಫಿಲ್ಟರ್ (ಸದ್ದಿನ ಹೊಳಪು) ಅರ್ಧಕ್ಕಿಂತ ಸ್ವಲ್ಪ ಕೆಳಗೆ, ಅಟ್ಯಾಕ್ (ಸದ್ದು ಏರಲು ಹಿಡಿಯುವ ಹೊತ್ತು) ಮುಕ್ಕಾಲು.